ನಾಲ್ಕನೆಯ ಶೆಡ್ಡಿನ ಹುಳಿ

ಡೆಲವೇರಿನ ಲಾರೆಲ್ ಊರಿನಾಚೆ, ಸೋಯಾ ಹೊಲಗಳ ನಡುವೆ
ಐನೂರು ಅಡಿಯ ನಾಲ್ಕು ಶೆಡ್ಡು. ನನಗೆ ಬೇಕಿದ್ದದ್ದು ಎರಡು.
ಮೂರರಲ್ಲಿ ಇಪ್ಪತ್ತೈದು ಸಾವಿರ ಮರಿ, ನಾಲ್ಕರಲ್ಲೂ ಅಷ್ಟೇ;
ಒಂದೇ ಹ್ಯಾಚರಿ, ಒಂದೇ ಲಾರಿ, ಒಂದೇ ಮುಂಜಾವು.
ಮೂರರ ಮೇವಿಗೆ ನನ್ನ ಪುಡಿ:
ಟನ್ನಿಗೆ ಅರ್ಧ ಕಿಲೋ, ಬೂದುಬಣ್ಣ,
ಮಿಲ್ಲಿನ ಉರಿಬಿಸಿಗೂ ಸಾಯದೆ
ಚಿಪ್ಪೊಳಗೆ ಮುದುಡಿ ಮಲಗುವ ಜೀವಾಣು.
ನಾಲ್ಕಕ್ಕೆ ಬರೀ ಮೆಕ್ಕೆಜೋಳ, ಸೋಯಾ.
ಪುಡಿಯ ಗುಣ ತಿಳಿಯಬೇಕಾದರೆ
ಯಾರಾದರೂ ಪುಡಿಯಿಲ್ಲದೆ ಬದುಕಬೇಕಲ್ಲ.

ಎಲ್ವುಡ್ ಟ್ರೂಯಿಟ್‌ಗೆ ಎಪ್ಪತ್ತೊಂದು.
ಕೋಳಿ ಕಂಪನಿಯದು, ಮೇವು ಕಂಪನಿಯದು;
ಶೆಡ್ಡಿನ ಸಾಲ, ಕರೆಂಟು ಬಿಲ್ಲು, ಸತ್ತ ಕೋಳಿ ಅವನವು.
"ಕಣ್ಣಿಗೆ ಕಾಣದ್ದನ್ನು ತಿನ್ನಿಸಿದರೆ
ಕಾಣುವಷ್ಟು ತೂಕ ಬರುತ್ತದಾ, ಡಾಕ್?"
ಬರುತ್ತದೆ ಅಂದೆ. ಬರಬಹುದು ಅಂದೆ.
ನನ್ನ ಕಸುಬಿನಲ್ಲಿ ಎರಡನ್ನೂ ಒಂದೇ ಉಸಿರಲ್ಲಿ ಹೇಳಬೇಕು.

ಹದಿನಾಲ್ಕನೆಯ ದಿನ ಶೆಡ್ಡಿಗೆ ಐದರಂತೆ ಹಿಡಿದು
ಕುತ್ತಿಗೆ ಮುರಿದು, ಕರುಳು ಸೀಳಿ
ಬೆಳಕಿಗೆ ಹಿಡಿದೆ:
ಗೋಡೆ ತೆಳುವೋ, ಗುಳ್ಳೆಯೋ, ಕೆಂಪು ಚುಕ್ಕಿಯೋ.
ಕರುಳು ಚೆನ್ನಾಗಿದೆ ಎಂದು ಬರೆಯುವುದಕ್ಕೆ
ಚೆನ್ನಾಗಿದ್ದದ್ದನ್ನೇ ಕೊಂದಿರಬೇಕು.
ಎಲ್ವುಡ್ ಆ ಹೊತ್ತಿಗೆ ಟ್ರ್ಯಾಕ್ಟರಿನ ಬಳಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಾನೆ.

ಮೂರು: ಸೊನ್ನೆ, ಸೊನ್ನೆ, ಒಂದು, ಸೊನ್ನೆ, ಸೊನ್ನೆ.
ನಾಲ್ಕು: ಎರಡು, ಎರಡು, ಮೂರು, ಒಂದು, ಎರಡು.
ಹಾಸು ಒದ್ದೆ. ಅಮೋನಿಯಾ ಕಣ್ಣಿಗೆ ಕಾರ ಎರಚಿದಂತೆ.
ಒಳಗೊಳಗೇ ಹಿಗ್ಗಿದೆ, ಮುಚ್ಚಿಡಲಾರೆ:
ನನ್ನ ಪುಡಿ ಗೆದ್ದಿತ್ತು.

ಇಪ್ಪತ್ತೆಂಟನೆಯ ದಿನ
ನಾಲ್ಕರ ಹಾಸು ಒಣಗಿದೆ, ಮುಷ್ಟಿ ಬಿಟ್ಟರೆ ಉದುರುತ್ತದೆ.
ಕರುಳು: ಒಂದು, ಸೊನ್ನೆ, ಒಂದು, ಸೊನ್ನೆ, ಸೊನ್ನೆ.
ಮಿಲ್ಲಿಗೆ ಫೋನು ಹಚ್ಚಿದೆ. ಲಾರಿ ಅದಲುಬದಲಾಯಿತೇ?
ಇಲ್ಲ. ಚೀಟಿ ಸರಿ.
ನೀರಿನ ಸಾಲಿನಲ್ಲಿ ಮಾತ್ರ ನಿಪ್ಪಲ್ಲುಗಳು ಕಟ್ಟಿಕೊಂಡಿವೆ.
ಒಂದನ್ನು ಬಿಚ್ಚಿದೆ. ಬೆರಳಿಗೆ ಬಿಳಿ ಲೋಳೆ.
ಮುಸುಕು ಸರಿಸಿ ಮೂಗಿಗೆ ಹಿಡಿದೆ,
ಬಿಳಿ ಮೇಲಂಗಿ, ನೀಲಿ ಪಾದಚೀಲ ತೊಟ್ಟವಳು
ಕೋಳಿಗಳ ನಡುವೆ ನಿಂತು ನಕ್ಕುಬಿಟ್ಟೆ:

ಹೆಪ್ಪು.

ರಾಣೆಬೆನ್ನೂರಿನ ಎದುರುಮನೆಯಿಂದ
ಲೋಟದ ತಳದಲ್ಲಿ ತರುತ್ತಿದ್ದ ಒಂದು ಚಮಚ;
ಬೆಚ್ಚನೆ ಹಾಲಿಗೆ ಬಿಟ್ಟು ಮುಚ್ಚಿಟ್ಟರೆ
ರಾತ್ರಿಯಿಡೀ ದುಡಿದು
ಬೆಳಿಗ್ಗೆ ಪಾತ್ರೆ ತುಂಬುವ ಸಾಲ.

ಎಲ್ವುಡ್ ಟೊಪ್ಪಿ ತೆಗೆದ. "ತಂಗಿಯ ಮನೆ ಹಸುವಿನದು.
ನಮ್ಮಜ್ಜಿ ಕೋಳಿಗೆ ಒಲೆಯ ಪಕ್ಕ ಹುಳಿಸಿದ ಹಾಲು ಇಡುತ್ತಿದ್ದಳು.
ನೀವು ಅವಕ್ಕೆ ಕೊಟ್ಟಿರಿ, ಇವಕ್ಕೆ ಕೊಡಲಿಲ್ಲ.
ದಿನಾ ಎರಡರೊಳಗೂ ನಡೆಯುವವನು ನಾನು."

ಹುಳಿಯಿಂದ ವಾಸಿಯಾಯಿತೋ, ಬಲಿತದ್ದರಿಂದಲೋ
ಈಗ ಯಾರೂ ಹೇಳಲಾರರು. ಆರು ತಿಂಗಳ ಕೆಲಸ ನೀರಲ್ಲಿ,
ಅಲ್ಲ, ಮಜ್ಜಿಗೆಯಲ್ಲಿ ಹೋಯಿತು.
"ನೀರಿನಲ್ಲಿ ಹುಳಿಹಾಲು. ಪ್ರಯೋಗ ಅಮಾನ್ಯ" ಎಂದು ಬರೆದೆ.
ಬೆರೆಸಿದವರು ಯಾರು ಎಂಬ ಕಾಲಮ್ಮು ಆ ಕಾಗದದಲ್ಲಿರಲಿಲ್ಲ.
ನಾನೂ ಗೆರೆ ಹೊಡೆಯಲಿಲ್ಲ.

ಸಂಜೆಯವರೆಗೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತು
ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ವಿನೆಗರ್ ಹಚ್ಚಿ,
ಒಂದೊಂದೇ ನಿಪ್ಪಲ್ಲು ಉಜ್ಜಿದೆವು.
ಕೋಳಿಗಳು ನನ್ನ ಪಾದಚೀಲ ಕುಕ್ಕುತ್ತಿದ್ದವು.
ಇನ್ನೂ ಹದಿನಾಲ್ಕು ದಿನ ಇತ್ತು ಅವಕ್ಕೆ.
ನೀರು ಬಿಟ್ಟಾಗ ಮೊದಲ ಹನಿಗೆ
ಒಂದು ಕತ್ತೆತ್ತಿತು, ಆಮೇಲೆ ಸಾಲಿಡೀ.